ಮೊದಲ ಕೊಡ

ನಮ್ಮ ಮನೆಯವರು ಬೆಳಗಿನ ಮೊದಲ ಕೊಡ ನೀರನ್ನು ಯಾವತ್ತೂ ತುಂಬಿದವರಲ್ಲ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತವೆ. ನಲ್ಲಿ ತಿರುಗಿಸಿದರೆ ನೀರು ಸುರಿಯುವ ಮನೆಯಲ್ಲಿ ಹುಟ್ಟಿದವಕ್ಕೆ ಮೊದಲ ಕೊಡ ಯಾವುದು, ಎರಡನೆಯದು ಯಾವುದು, ಎರಡರಲ್ಲೂ ಇರುವುದು ನೀರೇ ಅಲ್ಲವೇ ಅನ್ನಿಸುತ್ತದೆ. ಅವು ನಕ್ಕರೆ ನನಗೆ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬೇಗ, ಅದು ಅಪ್ಪಯ್ಯನಿಂದ ಬಂದ ಆಸ್ತಿ. ಅಜ್ಜಿಯ ಹಟವೂ ಒಂದಿಷ್ಟು ಬಂದಿದೆ. ಆದರೆ ನಾನು ಈಗ ಹೇಳಹೊರಟಿರುವ ಸುಳ್ಳು ಮಾತ್ರ ಯಾರಿಂದಲೂ ಬಂದದ್ದಲ್ಲ, ಅದು ನನ್ನ ಸ್ವಂತದ್ದು.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಬಸ್ಸು ಐದು ನಿಮಿಷ ನಿಂತು ಹೋಗುವ ಊರು ನಮ್ಮದು. ಒಂದು ಕಡೆ ರಸ್ತೆ, ಇನ್ನೊಂದು ಕಡೆ ಕೆರೆ, ನಡುವೆ ನಾವು. ಬಾವಿಗಳಿಗೆ ಕೊರತೆಯಿರಲಿಲ್ಲ, ಆದರೆ ಎಲ್ಲದರಲ್ಲೂ ಸವಳು ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಕುಡಿಯುವುದಕ್ಕೆ, ಅಡುಗೆಗೆ, ದೇವರಿಗೆ ಊರಿಗೆಲ್ಲ ಕೆರೆಯ ನೀರೇ ಗತಿ. ನಮ್ಮ ಮನೆ ಕೆರೆಗೆ ಬೆನ್ನು ಮಾಡಿ ಕೂತಿತ್ತು. ಬೀದಿಯ ಕಡೆ ಜಗಲಿ, ಒಳಗೆ ಪಡಸಾಲೆ, ಆಮೇಲೆ ಕತ್ತಲು ಕತ್ತಲಾದ ನಡುಮನೆ, ಅದರ ಒಂದು ಮಗ್ಗುಲಿಗೆ ದೇವರ ಕೋಣೆ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ, ಹಿಂದೆ ಬಚ್ಚಲು. ಬಚ್ಚಲ ಬಾಗಿಲು ದಾಟಿದರೆ ಹಿತ್ತಿಲು. ಹಿತ್ತಿಲು ಇಳಿಯುತ್ತ ಇಳಿಯುತ್ತ ಕೆರೆಯ ದಡಕ್ಕೇ ಹೋಗಿ ಮುಟ್ಟುತ್ತಿತ್ತು. ಮನೆಯ ಪಕ್ಕದಲ್ಲಿ ಬೀದಿಯಿಂದ ಕೆರೆಗೆ ಒಂದು ಓಣಿ, ಒಂದು ಗಾಡಿ ಹೋಗುವಷ್ಟು ಅಗಲದ್ದು. ಅದರ ತುದಿಯಲ್ಲಿ ಕಲ್ಲಿನ ಮೆಟ್ಟಿಲುಗಳು, ಒಟ್ಟು ಹದಿನೇಳು. ಮಳೆಗಾಲದಲ್ಲಿ ಐದೋ ಆರೋ ಕಾಣುತ್ತಿದ್ದವು. ಬೇಸಿಗೆಯಲ್ಲಿ ಹದಿನೇಳೂ ಕಾಣುತ್ತಿದ್ದವು, ಆಗ ಕೊನೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟುಕೊಂಡರೆ ಸಣ್ಣ ಮೀನುಗಳು ಬಂದು ಬೆರಳು ಕಚ್ಚುತ್ತಿದ್ದವು. ನಾನು ಎಣಿಕೆ ಕಲಿತದ್ದು ಆ ಮೆಟ್ಟಿಲುಗಳ ಮೇಲೆ.

ಆ ಮೆಟ್ಟಿಲು ಹಾಕಿಸಿದವನು ನಮ್ಮ ತಾತ. ಅಜ್ಜಿ ಹೊಸದಾಗಿ ಮದುವೆಯಾಗಿ ಬಂದ ವರ್ಷ, ಬೇಸಿಗೆಯಲ್ಲಿ, ತುಂಬಿದ ಕೊಡ ಹೊತ್ತು ಕೆಸರಿನಲ್ಲಿ ಸೊಂಟದವರೆಗೆ ಹೂತುಹೋದಳಂತೆ. ಬಟ್ಟೆ ಒಗೆಯುತ್ತಿದ್ದ ಯಾರೋ ಇಬ್ಬರು ಹೆಂಗಸರು ಸೀರೆಯ ಸೆರಗು ಎಸೆದು ಎಳೆದುಕೊಂಡರಂತೆ. ಆ ಹೆಂಗಸರು ಯಾರು ಅಂತ ಅಜ್ಜಿ ವಿಚಾರಿಸುವ ಹೊತ್ತಿಗೆ ಅವರು ಒಗೆದದ್ದು ಹೊತ್ತುಕೊಂಡು ಹೋಗಿಯೇಬಿಟ್ಟಿದ್ದರು. ತಾತ ಎತ್ತಿನಗಾಡಿಯಲ್ಲಿ ಚಪ್ಪಡಿ ಹೊಡೆಸಿ ತಂದು ಮೆಟ್ಟಿಲು ಕಟ್ಟಿಸಿದ. ಕೊನೆಯ ಕಲ್ಲು ಇಟ್ಟ ದಿನ ಅಜ್ಜಿ ಹೊಸ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿಕೊಂಡು ಮೊದಲು ತುಂಬಲು ಹೊರಟರೆ ತಾತ ತಡೆದನಂತೆ. ಅಜ್ಜಿ ಅವನ ಮಾತನ್ನು ಅವನದೇ ದನಿಯಲ್ಲಿ ಹೇಳುತ್ತಿದ್ದಳು.

"ತಡಿ. ಮೊದ್ಲು ಬೀದಿಯೋರು ಯಾರಾರ ತುಂಬ್ಲಿ. ಮೊದ್ಲು ಕೊಡ ನಮ್ದಾದ್ರೆ ನಾಳೀಕೆ ನಮ್ಮ ಮಕ್ಳಿಗೆ ಮೆಟ್ಲೂ ನಮ್ದೇ ಅನ್ನುಸ್ಬುಡ್ತದೆ."

ಅವತ್ತಿನಿಂದ ಅದು ನಮ್ಮ ಮನೆಯ ಕಟ್ಟಳೆಯಾಯಿತು. ಬೆಳಗ್ಗೆ ಬೀದಿಯವರ ಒಂದು ಕೊಡ ಆ ಮೆಟ್ಟಿಲಲ್ಲಿ ತುಂಬಿದ ಮೇಲೆಯೇ ನಮ್ಮ ಕೊಡ ಕೆಳಗಿಳಿಯಬೇಕು. ಆ ನೀರು ಬಂದ ಮೇಲೆ ಅಜ್ಜಿಯ ಲಿಂಗಪೂಜೆ, ಪೂಜೆಯಾದ ಮೇಲೆ ಅವಳ ಬಾಯಿಗೆ ಒಂದು ತೊಟ್ಟು ನೀರು, ಆಮೇಲೆ ಮಿಕ್ಕದ್ದು. ತಾತ ಸತ್ತು ಎಷ್ಟೋ ವರ್ಷವಾದರೂ ಅಜ್ಜಿ ಇದನ್ನು ಒಂದು ದಿನವೂ ಬಿಟ್ಟವಳಲ್ಲ. ಎಲ್ಲರ ಮೆಟ್ಟಿಲು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಆದರೆ ಆ ಎಲ್ಲರಲ್ಲಿ ಕೆರೆಯಾಚೆಯ ಕೇರಿಯವರು ಸೇರಿರಲಿಲ್ಲ. ಅವರು ಬರುತ್ತಲೂ ಇರಲಿಲ್ಲ, ಯಾಕೆ ಬರುವುದಿಲ್ಲ ಅಂತ ನಮ್ಮಲ್ಲಿ ಯಾರೂ ಕೇಳುತ್ತಲೂ ಇರಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಇದನ್ನು ಬಿಟ್ಟು ನಮ್ಮ ಮನೆಯ ದೊಡ್ಡತನವನ್ನಷ್ಟೇ ಬರೆದರೆ ಅದು ನನ್ನ ಎರಡನೇ ಸುಳ್ಳಾಗುತ್ತದೆ.

ಆ ಮೊದಲ ಕೊಡ ತುಂಬುತ್ತಿದ್ದವಳು ಸಣ್ಣಮ್ಮ. ಹಿಂದಿನ ಬೀದಿಯ ವಿಧವೆ, ಬಸ್ಸು ನಿಲ್ಲುವಲ್ಲಿದ್ದ ಹೋಟೆಲಿಗೆ ನೀರು ಹೊರುವ ಕೆಲಸ ಅವಳದು. ಇಡ್ಲಿ ಒಲೆ ಹೊತ್ತುವ ಮೊದಲು ಹಂಡೆ ತುಂಬಬೇಕಾದ್ದರಿಂದ ಊರಿಗೇ ಮೊದಲು ಏಳುತ್ತಿದ್ದವಳು ಅವಳು. ಹೆಸರಿಗಷ್ಟೇ ಸಣ್ಣಮ್ಮ, ಆಳು ಎತ್ತರ, ಅಗಲವಾದ ಪಾದ. ಹಾಸಿಗೆಯಲ್ಲಿ ಬಿದ್ದುಕೊಂಡೇ ನಾನು ಅವಳ ಹೆಜ್ಜೆಯನ್ನು ಕೇಳಿ ಗುರುತಿಸುತ್ತಿದ್ದೆ. ಕೊಡ ತುಂಬಿ ತಲೆಯ ಮೇಲಿನ ಸಿಂಬೆಗೆ ಏರಿಸಿಕೊಂಡು, ಮೇಲಿನ ಮೆಟ್ಟಿಲಿಗೆ ಬಂದು, ನಮ್ಮ ಬಚ್ಚಲ ಬಾಗಿಲ ಕಡೆ ತಿರುಗಿ ಕೂಗುತ್ತಿದ್ದಳು.

"ಮೊದ್ಲು ಕೊಡ ಆಯ್ತು ಕಣ್ರವ್ವೋ!"

ಆ ಕೂಗಿಗೆ ನಮ್ಮ ಮನೆ ಏಳುತ್ತಿತ್ತು. ಅವ್ವ ಬಿಂದಿಗೆ ಎತ್ತಿಕೊಂಡು ಇಳಿಯುತ್ತಿದ್ದಳು, ಅಜ್ಜಿ ವಿಭೂತಿಯ ಬಟ್ಟಲು ಹುಡುಕುತ್ತಿದ್ದಳು, ಅಪ್ಪಯ್ಯ ಕೆಮ್ಮುತ್ತಿದ್ದ. ಕೆಲವು ದಿನ ಸಣ್ಣಮ್ಮ ನನ್ನನ್ನು ನೋಡಿ, "ಏನಮ್ಮಣ್ಣಿ, ಇನ್ನೂ ಮೊಕ ತೊಳ್ದಿಲ್ವಾ? ಮೀನು ಎದ್ದು ಸ್ಕೂಲಿಗೋದ್ವು" ಅನ್ನುತ್ತಿದ್ದಳು. ನನಗೆ ಅವಳೆಂದರೆ ಇಷ್ಟ.

ನನಗೆ ಒಂಬತ್ತೋ ಹತ್ತೋ ತುಂಬಿದ ಬೇಸಿಗೆಯಲ್ಲಿ ಅಪ್ಪಯ್ಯನಿಗೆ ಹೊಗೆಸೊಪ್ಪಿನ ಹುಚ್ಚು ಹಿಡಿಯಿತು. ನಮ್ಮ ಸೀಮೆಗೆಲ್ಲ ಆಗ ಹಿಡಿದಿದ್ದ ಹುಚ್ಚು ಅದು. ಸಸಿ ಏಳಿಸುವುದಕ್ಕೆ ನೀರಿನ ಪಕ್ಕದ ನೆಲ ಬೇಕು, ದಿನಕ್ಕೆ ಎರಡು ಸಲ ಹನಿಹನಿಯಾಗಿ ಚಿಮುಕಿಸಬೇಕು. ಹಿಂದಿನ ವರ್ಷ ಹಿತ್ತಿಲಿನಲ್ಲಿ ಹಾಕಿದ್ದ ಸಸಿಮಡಿಗಳನ್ನು ಓಣಿಯಿಂದ ನುಗ್ಗಿದ ಆಡುಗಳು ತಿಂದು, ನೀರಿಗೆ ಬಂದ ಮಕ್ಕಳು ತುಳಿದು, ಒಂದು ಸಸಿಯೂ ಹೊಲಕ್ಕೆ ಹೋಗಿರಲಿಲ್ಲ. ಅಪ್ಪಯ್ಯ ಅದನ್ನು ಮರೆತಿರಲಿಲ್ಲ. ಈ ಸಲ ಕಾಕನಕೋಟೆ ಕಡೆಯಿಂದ ಒಂದು ಗಾಡಿ ಬಿದಿರು ತರಿಸಿ, ಓಣಿಯ ಬಾಯಿಗೆ ಆಳೆತ್ತರದ ತಡಿಕೆ ಕಟ್ಟಿಸಿ, ಸರಪಳಿ ಹಾಕಿ ಬೀಗ ಜಡಿದ. ಓಣಿಯ ಎರಡು ಪಕ್ಕವೂ ಕಳ್ಳಿ ಬೇಲಿ. ಓಣಿಯೊಳಗೇ ಉದ್ದಕ್ಕೆ ನಾಲ್ಕು ಮಡಿ ಮಾಡಿಸಿ, ಬೀಜ ಚೆಲ್ಲಿಸಿ, ಮೇಲೆ ಹುಲ್ಲು ಹೊದಿಸಿದ. ನಮ್ಮ ಮನೆಯವರು ಬಚ್ಚಲ ಬಾಗಿಲಿನಿಂದ ಹಿತ್ತಿಲಿಗೆ ಬಂದು, ಬೇಲಿಯ ಕಂಡಿಯಿಂದ ಓಣಿಗೆ ದಾಟಿ, ಮಡಿಯ ಪಕ್ಕದ ಸಣ್ಣ ಬದುವಿನ ಮೇಲೆ ನಡೆದು ಮೆಟ್ಟಿಲಿಗೆ ಹೋಗಬಹುದಿತ್ತು. ಬೀದಿಯವರು ಕೆರೆಯ ತೂಬನ್ನು ಸುತ್ತು ಹಾಕಿಕೊಂಡು ಎಮ್ಮೆ ದಡಕ್ಕೆ ಹೋಗಬೇಕು. ಎಮ್ಮೆಗಳು ಇಳಿದು ಮಲಗುವ ಜಾಗ ಅದು, ಬೇಸಿಗೆಯಲ್ಲಿ ಮೊಣಕಾಲು ಮುಳುಗುವ ಕೆಸರು.

ಬೀಗ ಬಿದ್ದ ರಾತ್ರಿಯ ಊಟ ನನಗೆ ಚೆನ್ನಾಗಿ ನೆನಪಿದೆ. ಮುದ್ದೆ, ಹುರುಳಿ ಬಸ್ಸಾರು. ಅಜ್ಜಿ ಮುದ್ದೆ ಮುರಿದವಳು ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದಳು.

"ಲೋ ಗುರುಪಾದ, ನಾಳೆ ಬೆಳಿಗ್ಗೆ ಮೊದ್ಲು ಕೊಡ ಯಾರು ತುಂಬ್ತಾರೋ?"

"ನಾಕು ತಿಂಗ್ಳು ಕಣವ್ವ. ಸಸಿ ಕಿತ್ತುದ್ ಮ್ಯಾಕೆ ತೆಗುದ್ಬುಡ್ತೀನಿ."

"ನಾಕು ತಿಂಗ್ಳು ನಾನು ನೀರು ಕುಡೀದಂಗೆ ಇರ್ಲಾ?"

"ಓಣಿ ನಮ್ಮ ಕಾಗ್ದದಲ್ಲಿ ಬರ್ದದೆ ಅವ್ವ. ಶಾನುಭೋಗ್ರೇ ತೋರ್ಸವ್ರೆ. ನಮ್ಮ ಜಾಗ್ದಲ್ಲಿ ನಾವು ಬೇಲಿ ಹಾಕದು ತಪ್ಪಾ?"

"ಕೆರೇನೂ ಬರ್ಸ್ಕಂಡಿದ್ದೀಯೇನೋ ಕಾಗ್ದದಲ್ಲಿ?"

ಅಪ್ಪಯ್ಯ ತಟ್ಟೆ ತಳ್ಳಿ ಎದ್ದ. ಸಾರು ನೆಲಕ್ಕೆ ಚೆಲ್ಲಿತು. ಅವನು ಕೆಟ್ಟವನಲ್ಲ. ಹಿಂದಿನ ವರ್ಷ ಸಸಿ ಹಾಳಾದಾಗ ಮಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೆ. ಆದರೆ ಸಿಟ್ಟು ಬಂದರೆ ಅವನಿಗೆ ತಾನು ಕಂಡದ್ದೇ ಸರಿ, ಆಮೇಲೆ ಯಾರ ಮಾತೂ ಕಿವಿಗೆ ಹೋಗುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಕೂಗಿಲ್ಲದೆ ಬೆಳಕು ಹರಿಯಿತು. ಅವ್ವ ಖಾಲಿ ಬಿಂದಿಗೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತೇ ಇದ್ದಳು. ಅಪ್ಪಯ್ಯ ಅವಳನ್ನು ದಾಟಿಕೊಂಡು ಹೋಗಿ ತಾನೇ ಒಂದು ಕೊಡ ತುಂಬಿ ತಂದು ಅಡುಗೆಮನೆಯಲ್ಲಿ ಕುಕ್ಕಿದ. ನಾವೆಲ್ಲ ಅದನ್ನೇ ಕುಡಿದೆವು. ಅಜ್ಜಿ ಮುಟ್ಟಲಿಲ್ಲ. ನೀರಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ದೇವರ ಕೋಣೆಯ ಹೊಸಿಲಿಗೆ ತಲೆ ಕೊಟ್ಟು ಮಲಗಿದಳು. ಅವ್ವ ಮಧ್ಯಾಹ್ನ ಸೆರಗು ಹೊದ್ದು ಎದುರು ಮನೆಗೆ ಹೋಗಿ, ನಮ್ಮ ಮನೆಯೊಳಗಿನಿಂದಲೇ ಹಾದುಹೋಗಿ ಒಂದು ಕೊಡ ತುಂಬಿಕೊಳ್ಳಿ ಅಂತ ಬೇಡಿಕೊಂಡಳು. ಎದುರು ಮನೆಯ ಹೆಂಗಸು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು.

"ನಿಮ್ಮತ್ತೆ ನೀರು ಕುಡಿಯಾಕೆ ನಾವು ಬೇಕು, ಓಣೀಲಿ ನಡಿಯಾಕೆ ಮಾತ್ರ ನಾವು ಬ್ಯಾಡ್ವಾ? ಬೀಗ ತಗ್ಸವ್ವ, ಊರೇ ಬತ್ತದೆ."

ಅವ್ವ ವಾಪಸು ಬಂದಳು. ಎರಡನೆಯ ದಿನ ಅಜ್ಜಿಯ ತುಟಿ ಒಡೆದವು. ಅಪ್ಪಯ್ಯ ಎಳನೀರು ಕೆತ್ತಿ ತಂದು ಪಕ್ಕದಲ್ಲಿ ಕೂತ. ಅಜ್ಜಿ ಗೋಡೆಯ ಕಡೆ ಹೊರಳಿಕೊಂಡಳು. ಅವನು ಬೈದ, ಬೇಡಿಕೊಂಡ, ಮತ್ತೆ ಬೈದ. ಬೀಗದ ಕೈಯನ್ನು ಮಾತ್ರ ಉಡಿದಾರದಿಂದ ಬಿಚ್ಚಲಿಲ್ಲ. ಒಬ್ಬರು ಸತ್ತರೂ ಇನ್ನೊಬ್ಬರು ಸೋಲುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು. ಅಜ್ಜಿ ಸತ್ತೇ ಹೋಗುತ್ತಾಳೆ ಅಂತ ನಾನು ಹಿತ್ತಿಲಿನ ಹುಣಿಸೆ ಮರದ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮೂರನೆಯ ದಿನ ಇನ್ನೂ ಮಸುಕು ಇರುವಾಗಲೇ ಎದ್ದೆ. ಅಜ್ಜಿಯ ಪೂಜೆಯ ಸಣ್ಣ ತಾಮ್ರದ ಬಿಂದಿಗೆ ಎತ್ತಿಕೊಂಡು ಬಚ್ಚಲ ಬಾಗಿಲು ತೆಗೆದೆ. ಬದುವಿನ ಮೇಲೆ ನಡೆಯುವಷ್ಟು ಸಮಾಧಾನ ಎಲ್ಲಿತ್ತು? ಹಿಂದಿನ ಸಂಜೆ ನೀರು ಚಿಮುಕಿಸಿದ್ದ ಮಡಿಗಳ ಮೇಲೆಯೇ ಓಡಿದೆ. ಕಾಲು ಮೆತ್ತಗೆ ಹೂತವು. ಬಿಂದಿಗೆ ತುಂಬಿಕೊಂಡು ಬರುವಾಗಲೂ ಹಾಗೆಯೇ ಬಂದೆ. ಅಜ್ಜಿಯ ಪಕ್ಕದಲ್ಲಿ ಬಿಂದಿಗೆ ಇಟ್ಟು ಹೇಳಿದೆ.

"ಅಜ್ಜಿ, ಮೊದ್ಲು ಕೊಡ ಆಯ್ತು. ಏಳು, ಪೂಜೆ ಮಾಡು."

"ಯಾರು ತುಂಬುದ್ರು ಮಗ?"

ಯಾರ ಹೆಸರೂ ಯೋಚನೆ ಮಾಡಿಟ್ಟುಕೊಂಡಿರಲಿಲ್ಲ. ದಿನಾ ಬೆಳಗ್ಗೆ ಕೇಳಿದ ಹೆಸರೇ ಬಾಯಿಗೆ ಬಂತು.

"ಸಣ್ಣಮ್ಮ. ಬೇಲಿ ನುಸ್ಕಂಡು ಬಂದಿದ್ಳು."

"ಕೂಗ್ಲಿಲ್ವಲ್ಲ?"

"ಕೂಗುದ್ರೆ ಅಪ್ಪಯ್ಯಂಗೆ ಕೇಳುಸ್ತದಲ್ಲ ಅಜ್ಜಿ!"

ಒಂದು ಸುಳ್ಳಿನ ಹಿಂದೆ ಇನ್ನೊಂದು ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು. ಅಜ್ಜಿ ಗೋಡೆ ಹಿಡಿದು ಎದ್ದಳು. ಮುಖದ ತುಂಬ ನಗು. "ಗಟ್ಟಿಗಿತ್ತಿ ಕಣೆ ಅವ್ಳು" ಅಂದಳು. ಪೂಜೆ ಮಾಡಿ, ಬೊಗಸೆಯಲ್ಲಿ ನೀರು ಕುಡಿದಳು. ಅವಳ ಗಂಟಲು ಏರಿ ಇಳಿಯುವುದನ್ನು ನೋಡುತ್ತ ನಾನು ಅಲ್ಲೇ ಕೂತೆ. ಅವ್ವ ಅಡುಗೆಮನೆಯ ಬಾಗಿಲಿನಿಂದ ನನ್ನ ಲಂಗದ ಅಂಚಿನ ಮಣ್ಣನ್ನು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಒಲೆ ಊದಲು ಹೋದಳು. ಹೀಗೆ ಒಟ್ಟು ನಾಲ್ಕು ದಿನ ನಾನು ಅದನ್ನೇ ಮಾಡಿದೆ, ಅಜ್ಜಿ ನಾಲ್ಕು ದಿನ ಕುಡಿದಳು, ಅವ್ವ ನಾಲ್ಕು ದಿನ ಒಲೆ ಊದಿದಳು.

ಐದನೆಯ ದಿನ ಅಪ್ಪಯ್ಯ ಮಡಿಯ ಮೇಲಿನ ಹುಲ್ಲು ಸರಿಸಿ ನೋಡಿದ. ಮೊಳಕೆ ಒಡೆದಿದ್ದವು, ಆದರೆ ನಡುವೆ ಸಾಲಾಗಿ ಹೆಜ್ಜೆಗಳು. ಎಲ್ಲೆಲ್ಲಿ ಹೆಜ್ಜೆಯಿತ್ತೋ ಅಲ್ಲೆಲ್ಲ ಮಣ್ಣು ಗಟ್ಟಿಯಾಗಿ ಒಂದು ಎಳೆಯೂ ಎದ್ದಿರಲಿಲ್ಲ. ಅವನು ಒಳಗೆ ಬಂದು ನಡುಮನೆಯಲ್ಲಿ ನಿಂತು ಹುಚ್ಚು ಹಿಡಿದವನ ಹಾಗೆ ಕೂಗಾಡಿದ. ಅಜ್ಜಿ ಇದಕ್ಕಾಗಿಯೇ ಕಾದಿದ್ದವಳಂತೆ ಎದ್ದು ನಿಂತಳು.

"ತುಳುದ್ರೆ ತುಳೀಲಿ ಬುಡು! ನಿನ್ನ ಬೀಗ ನಿನ್ನತ್ರ ಇಟ್ಕೊ. ಸಣ್ಣಮ್ಮ ದಿನಾ ಬಂದು ತುಂಬ್ತಾವ್ಳೆ. ಅವ್ಳಿಗಿರೋ ಬುದ್ಧಿ ನನ್ನೊಟ್ಟೇಲಿ ಉಟ್ಟಿದ ನಿಂಗೆ ಬರ್ಲಿಲ್ಲ."

ಅಜ್ಜಿ ಹೆಮ್ಮೆಯಿಂದ ಹೇಳಿದ ಮಾತು ಅದು. ಸಣ್ಣಮ್ಮನಿಗೆ ಕೇಡು ಮಾಡುತ್ತಿದ್ದೇನೆ ಅಂತ ಅವಳಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆಯಿತು. ಅಪ್ಪಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಾಗ, ಓಡಿಹೋಗಿ ಅವನ ಪಂಚೆ ಹಿಡಿದು ಎಳೆದು ಹೇಳಿಬಿಡಬೇಕು ಅನ್ನಿಸಿತು. ಹೊಸಿಲಿನವರೆಗೆ ಹೋಗಿ ನಿಂತುಬಿಟ್ಟೆ.

ಅರ್ಧ ಗಂಟೆಯಲ್ಲಿ ನಮ್ಮ ಜಗಲಿಯ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಹೋಟೆಲಿನವನೂ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದಿದ್ದ. ಸಣ್ಣಮ್ಮ ಕೆಳಗೆ ನಿಂತಿದ್ದಳು, ಕೈಯಲ್ಲಿ ಇನ್ನೂ ಸಿಂಬೆ ಇತ್ತು.

"ನಾನು ಬಂದಿಲ್ಲ ಕಣ್ರಪ್ಪ. ನೀವು ಬೀಗ ಹಾಕುದ್ ದಿನದಿಂದ ಎಮ್ಮೆ ದಡಕ್ಕೇ ಓಯ್ತಿವ್ನಿ. ನನ್ ಸೀರೆ ನೋಡ್ರಿ," ಅಂದು ಮೊಣಕಾಲಿನವರೆಗೆ ಕೆಸರು ಹತ್ತಿದ ಸೀರೆಯನ್ನು ಹಿಡಿದು ತೋರಿಸಿದಳು.

"ಕೆಸ್ರು ಎಲ್ಲೀದು ಅಂತ ಬರ್ದಿರ್ತದಾ?" ಅಂದ ಅಪ್ಪಯ್ಯ.

ಅಜ್ಜಿ ಒಳಗಿನಿಂದ ಬಾಗಿಲಿಗೆ ಬಂದಳು. "ಎದರ್ಕಬ್ಯಾಡ ಕಣೆ ಸಣ್ಣೀ. ನಾನಿವ್ನಿ. ಹೂಂ, ತುಂಬುದ್ದೆ ಅನ್ನು, ಅದ್ಯಾರು ಏನ್ ಮಾಡ್ತಾರೋ ನೋಡ್ತೀನಿ."

"ತುಂಬಿದ್ರೆ ಅಂತಿದ್ದೆ ಕಣ್ರವ್ವ. ಅದ್ರಲ್ಲಿ ನಂಗೇನು ನಾಚ್ಕೆ? ತುಂಬಿಲ್ಲ."

"ನಮ್ಮ ಅಮ್ಮಣ್ಣಿ ಕಣ್ಣಾರ ನೋಡವ್ಳೆ ಕಣೆ."

ಅಪ್ಪಯ್ಯ ನನ್ನ ಕಡೆ ತಿರುಗಿದ. "ಅಮ್ಮಣ್ಣಿ, ನೋಡ್ದಾ ನೀನು?"

ನಿಜ ಹೇಳಿದರೆ ಅಜ್ಜಿ ನಾಲ್ಕು ದಿನ ಕುಡಿದ ನೀರು ಕಟ್ಟಳೆ ಮುರಿದ ನೀರಾಗುತ್ತದೆ. ಅವಳು ಮತ್ತೆ ಹೊಸಿಲಿಗೆ ತಲೆ ಕೊಟ್ಟು ಮಲಗುತ್ತಾಳೆ. ಹೀಗೆಲ್ಲ ನಾನು ಆಗ ಯೋಚಿಸಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬರೀ ಬೊಗಳೆ. ಅಪ್ಪಯ್ಯನ ಕೈಯಲ್ಲಿದ್ದ ಬಿದಿರ ಕಡ್ಡಿಗೆ ಹೆದರಿದೆ, ಅಷ್ಟೇ. ತಲೆ ತಗ್ಗಿಸಿಕೊಂಡು "ಹೂಂ" ಅಂದೆ.

ಸಣ್ಣಮ್ಮ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಯಾರ ಕಡೆಯೂ ನೋಡಲಿಲ್ಲ. ಹೋಟೆಲಿನವನು ಟವೆಲು ಕೊಡವಿ, "ಕಂಡೋರ ಬೇಲಿ ನುಸಿಯೋರು ನಮಗೆ ಬ್ಯಾಡ ಕಣಮ್ಮ, ನಾಳೆಯಿಂದ ಬೇರೆಯವ್ರನ್ನ ನೋಡ್ಕೋತೀನಿ" ಅಂದ. ಅವಳು ಸಿಂಬೆಯನ್ನು ಬಿಚ್ಚಿ, ಆ ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಅವತ್ತು ಸಂಜೆ ಅಜ್ಜಿ ಕೋಲು ಬಿಟ್ಟು ನನ್ನ ಹೆಗಲು ಹಿಡಿದು ಹಿತ್ತಿಲಿಗೆ ಬಂದಳು. ಅವಳಿಗೆ ಏನೋ ಸಮಾಧಾನವಿರಲಿಲ್ಲ. ಸಣ್ಣಮ್ಮ ಸುಳ್ಳು ಹೇಳುವವಳಲ್ಲ, ಹೇಳುವ ಕಾರಣವೂ ಇರಲಿಲ್ಲ ಅಂತ ಮಧ್ಯಾಹ್ನವೆಲ್ಲ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಮಡಿಯ ಪಕ್ಕ ಬದುವಿನ ಮೇಲೆ ಕೂತು, ಹುಲ್ಲು ಸರಿಸಿ, ಒಂದು ಹೆಜ್ಜೆಯ ಮೇಲೆ ಗೇಣು ಇಟ್ಟು ನೋಡಿದಳು. ಗೇಣಿಗಿಂತ ಚಿಕ್ಕದಿತ್ತು.

"ಇಲ್ಲಿ ಕಾಲಿಡು ಮಗ."

ನಾನು ಅಲ್ಲಾಡಲಿಲ್ಲ.

"ಇಡು ಅಂದೆ."

ಇಟ್ಟೆ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಸರಿಯಾಗಿ ಕೂತಿತು. ಅಜ್ಜಿ ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದೆ. ಅವಳು ಸರಿಸಿದ್ದ ಹುಲ್ಲನ್ನು ಮತ್ತೆ ಮಡಿಯ ಮೇಲೆ ಎಳೆದಳು. ಆ ನಾಲ್ಕು ದಿನದ ನೀರು, ಆ ನಾಲ್ಕು ದಿನದ ಪೂಜೆ ಅವಳಿಗೆ ಏನಾಯಿತೋ ನನಗೆ ಗೊತ್ತಿಲ್ಲ. ದನಿ ಏರಿಸದೆ ಮಾತಾಡಿದಳು.

"ನಂಗೆ ನೀರು ಕುಡಿಸ್ದಲ್ಲ, ಅದ್ಕೆ ನಾನು ನಿನ್ನ ಬಯ್ಯಾಕಿಲ್ಲ. ನಾನೇ ಹಾಳಾದೋಳು ಅಂಗೆ ಮಲೀಕಬಾರ್ದಿತ್ತು. ಆದ್ರೆ ಬಡವಿ ಹೆಸ್ರು ಯಾಕೆ ತಂದೆ ಮಗ?"

"ಬಾಯಿಗೆ ಬಂತು ಅಜ್ಜಿ."

"ಬತ್ತದೆ. ದಿನಾ ನಮ್ಮನೆ ಕಟ್ಲೆ ನಡೆಸ್ತಿದ್ದೋಳು ಅವ್ಳೇ ಅಲ್ವಾ."

ಮಾರನೆಯ ಬೆಳಗ್ಗೆ ಅಜ್ಜಿ ನನ್ನನ್ನು ಅಪ್ಪಯ್ಯನ ಮುಂದೆ ನಿಲ್ಲಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಅಪ್ಪಯ್ಯ ಕೈ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಖವಾಗುತ್ತಿತ್ತು. ಅವನು ಜಗಲಿಯ ಕಂಬಕ್ಕೆ ಒರಗಿ ಕೂತು, ಉಡಿದಾರದಿಂದ ಬೀಗದ ಕೈ ಬಿಚ್ಚಿ, ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೋಗಿ ತಡಿಕೆಯನ್ನೇ ಕಿತ್ತು ದನದ ಹಟ್ಟಿಯ ಪಕ್ಕಕ್ಕೆ ಎಸೆದ. ಓಣಿಯ ನಾಲ್ಕು ಮಡಿಗಳನ್ನೂ ಆಳಿಗೆ ಹೇಳಿ ಅಗೆಸಿ ಸಮ ಮಾಡಿಸಿದ. ಹೋಟೆಲಿನವನ ಹತ್ತಿರ ಹೋಗಿ ಅವಳ ತಪ್ಪಿಲ್ಲ ಅಂತ ಹೇಳಿಯೂ ಬಂದ. ಹೋಟೆಲಿನವನು ಆಗಲೇ ತನ್ನ ಅಕ್ಕನ ಸೊಸೆಯನ್ನು ನೀರಿಗೆ ಹಚ್ಚಿಕೊಂಡಿದ್ದನಂತೆ, ಈಗ ಬಿಡಿಸುವುದು ಹೇಗೆ ಅಂದನಂತೆ. ಸಣ್ಣಮ್ಮನ ಮನೆಗೆ ಮಾತ್ರ ಅಪ್ಪಯ್ಯ ಹೋಗಲಿಲ್ಲ. ಹೊಗೆಸೊಪ್ಪಿನ ಸಸಿಯನ್ನು ಆ ವರ್ಷ ಹಾರನಹಳ್ಳಿ ಕಡೆಯ ನೆಂಟರಿಂದ ತಂದ.

ಓಣಿ ತೆರೆಯಿತು, ಬೀದಿಯವರು ಬಂದರು, ಎದುರು ಮನೆಯ ಹೆಂಗಸೇ ಎಲ್ಲರಿಗಿಂತ ಮೊದಲು ಬಂದಳು. ಅವರಲ್ಲಿ ಯಾರಾದರೂ ಒಬ್ಬರು ತುಂಬಿದ ಮೇಲೆ ಅವ್ವ ಬಿಂದಿಗೆ ಮುಳುಗಿಸುತ್ತಿದ್ದಳು, ಅಜ್ಜಿ ಪೂಜೆ ಮಾಡಿ ಕುಡಿಯುತ್ತಿದ್ದಳು. ಆದರೆ ಕೂಗು ಇರಲಿಲ್ಲ. ಅಜ್ಜಿ ಪೂಜೆಗೆ ಕೂರುವ ಮೊದಲು ಸ್ವಲ್ಪ ಹೊತ್ತು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಎರಡು ಸಲ ಅವ್ವನನ್ನು ಸಣ್ಣಮ್ಮನ ಮನೆಗೆ ಕಳಿಸಿದಳು. ಅವ್ವ ರಾಗಿ ಹಿಟ್ಟು, ಅಚ್ಚು ಬೆಲ್ಲ ತೆಗೆದುಕೊಂಡು ಹೋದಳು. ಎರಡು ಸಲವೂ ಅದನ್ನೆಲ್ಲ ಹಾಗೆಯೇ ವಾಪಸು ತಂದಳು.

ಅದಾಗಿ ಹದಿನೈದು ದಿನಕ್ಕೋ ಏನೋ, ಯಾರೂ ಹೇಳದೆ, ನಾನೊಬ್ಬಳೇ ತೂಬನ್ನು ಸುತ್ತಿಕೊಂಡು ಎಮ್ಮೆ ದಡಕ್ಕೆ ಹೋದೆ. ನಾನು ಅಲ್ಲಿಗೆ ಹೋದದ್ದು ಅದೇ ಮೊದಲ ಸಲ. ಅಷ್ಟು ವರ್ಷ ಕೆರೆಯ ಪಕ್ಕದಲ್ಲೇ ಬೆಳೆದರೂ ಆ ಕಡೆ ಕಾಲಿಟ್ಟವಳಲ್ಲ. ನಾಲ್ಕು ಹೆಜ್ಜೆ ಇಟ್ಟಿದ್ದೆ, ಮೊಣಕಾಲು ಮುಳುಗಿತು. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತಿತ್ತು, ಎಮ್ಮೆಯ ಗಂಜಲದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸಣ್ಣಮ್ಮ ಕೊಡ ತುಂಬಿಕೊಂಡು ಬರುತ್ತಿದ್ದಳು, ಈಗ ತನ್ನ ಮನೆಗಷ್ಟೇ. ನನ್ನನ್ನು ನೋಡಿ ನಿಂತಳು. ಒಂದು ಕೈಯಲ್ಲಿ ತಲೆಯ ಮೇಲಿನ ಕೊಡ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಗಟ್ಟಿ ನೆಲಕ್ಕೆ ಎಳೆದಳು. ಆಮೇಲೆ ಕೊಡ ಇಳಿಸಿದಳು.

"ನಾನು ಸುಳ್ಳೇಳ್ದೆ ಸಣ್ಣಮ್ಮ," ಅಂದೆ. ಅಲ್ಲಿಗೆ ಬರುವ ದಾರಿಯುದ್ದಕ್ಕೂ ಇದಕ್ಕಿಂತ ಉದ್ದದ ಮಾತು ಜೋಡಿಸಿಕೊಂಡಿದ್ದೆ.

"ಗೊತ್ತು ಬುಡು. ಅವತ್ತು ನಿಮ್ಮ ಜಗ್ಲಿ ಮುಂದ್ಲೇ ಗೊತ್ತಾಯ್ತು. ಊರೆಲ್ಲ ನನ್ ಮೊಕ ನೋಡ್ತಿತ್ತು. ನೀನೊಬ್ಳೆ ನಿನ್ನ ಕಾಲು ನೋಡ್ಕತಿದ್ದೆ."

"ಮತ್ತೆ ನಂದು ಸುಳ್ಳು ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ನಂಬೋರು? ನಾನು ನೀರು ಹೊರೋಳು, ನೀನು ಗುರುಪಾದಪ್ಪನ ಮಗ್ಳು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೋಟೆಲಿನ ಹಂಡೆ ಎಷ್ಟು ಕೊಡ ಹಿಡಿಯುತ್ತದೆ ಅಂತ ಹೇಳುವ ದನಿ ಅದು. ಬಾ ಸಣ್ಣಮ್ಮ, ಮೆಟ್ಟಿಲಿಗೆ ಬಾ, ಓಣಿ ತೆಗೆದಿದೆ, ಅಜ್ಜಿ ದಿನಾ ಬಾಗಿಲಲ್ಲಿ ನಿಂತು ನೋಡ್ತಾಳೆ ಅಂತ ನಾನು ಅವಳ ಸೀರೆ ಹಿಡಿದು ಅತ್ತೆ. ಅವಳು ನನ್ನ ಕಾಲುಗಳನ್ನೇ ನೋಡುತ್ತಿದ್ದಳು.

"ಇಂಗೇ ಓದ್ರೆ ನಿಮ್ಮವ್ವ ಬಡೀತಾಳೆ. ನೀಡು ಕಾಲ."

ಕೊಡ ಬಾಗಿಸಿ ನೀರು ಸುರಿದಳು. ಬಗ್ಗಿ ಕೂತು, ಒರಟು ಅಂಗೈಯಿಂದ ಮೊಣಕಾಲು, ಮೀನಖಂಡ, ಬೆರಳ ಸಂದಿಗಳನ್ನೆಲ್ಲ ಉಜ್ಜಿ ಉಜ್ಜಿ ತೊಳೆದಳು. ಕೊಡದಲ್ಲಿದ್ದ ನೀರೆಲ್ಲ ನನ್ನ ಕಾಲಿಗೇ ಆಯಿತು. ತನ್ನ ಸೆರಗಿನಿಂದಲೇ ಒರೆಸಿ, "ಓಗು, ಇನ್ನು ಕಲ್ಲ ಮ್ಯಾಲೇ ನಡ್ಕಂಡೋಗು" ಅಂದಳು.

ಆಮೇಲೆ ಖಾಲಿ ಕೊಡ ಎತ್ತಿಕೊಂಡು, ಸೀರೆ ಮೇಲೆ ಕಟ್ಟಿ, ಮತ್ತೆ ಕೆಸರಿಗೆ ಇಳಿದಳು. ನಾನು ತೊಳೆದ ಕಾಲಿನಲ್ಲಿ ದಡದ ಮೇಲೆ ನಿಂತಿದ್ದೆ.